ಜಯಮ್ಮನವರ ನೆಲಕ್ಕೆ ಮೂರನೆಯ ಕೋಟ್

ಕಾಡುಗೋಡಿಗೆ ಮೆಟ್ರೊ ಬಂದ ವರ್ಷ ನಾನು ಪೀಣ್ಯದ ಒಂದು ಫ್ಲೋರಿಂಗ್ ಕಂಪನಿಯಲ್ಲಿ ಸೂಪರ್‌ವೈಸರ್ ಆಗಿದ್ದೆ. ಅದುವರೆಗೆ ಮಾಡಿಸಿದ್ದೆಲ್ಲ ಕಾರ್ಖಾನೆಗಳ ನೆಲ. ಫೋರ್ಕ್‌ಲಿಫ್ಟ್‌ಗಳಿಗೆ ಹೊಟ್ಟೆಕಿಚ್ಚಿರುವುದಿಲ್ಲ, ಹಾಗಾಗಿ ಮನೆಗಳ ಕೆಲಸಕ್ಕೆ ನನಗೆ ಯಾವ ತರಬೇತಿಯೂ ಇರಲಿಲ್ಲ.

ಕಾಡುಗೋಡಿಯ ಆ ಮನೆಯನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ನಡುವೆ ಗೋಡೆ ಎಬ್ಬಿಸಿದ್ದರು. ಕೆಳಗಿನ ಕಾಂಕ್ರೀಟ್ ನೆಲ ಮಾತ್ರ ಅವರಪ್ಪ ಹಾಕಿಸಿದ್ದು, ಒಂದೇ. ದೇವರನ್ನು ಪಾಲು ಮಾಡಲು ಧೈರ್ಯ ಸಾಲದೆ, ದೇವರ ಕೋಣೆಯನ್ನು ಹಿರಿಸೊಸೆ ಜಯಮ್ಮನವರ ಕಡೆ ಬಿಟ್ಟು, ಕಿರಿಸೊಸೆ ಶೋಭಾ ಸಂಜೆ ದೀಪ ಹಚ್ಚಲು ಬರಲೆಂದು ಗೋಡೆಗೊಂದು ಬಾಗಿಲು ಇಟ್ಟಿದ್ದರು. ಆ ಬಾಗಿಲೇ ಈ ಪ್ರಕರಣದ ಮೂಲ.

ಮೊದಲು ಶೋಭಾ ಅವರ ನೆಲಕ್ಕೆ ಆಸಿಡ್ ಸ್ಟೇನ್ ಮಾಡಿದೆವು. ಇದು ಮೇಲೆ ಕೂರುವ ಪೇಂಟ್ ಅಲ್ಲ. ಕಾಂಕ್ರೀಟಿನ ಸುಣ್ಣದ ಜೊತೆ ಕೂಡಿ ಬಣ್ಣ ಕಟ್ಟುತ್ತದೆ. ಆ ಬಣ್ಣ ಕಾಯಲು ಮೇಲೆ ಸೀಲರ್ ಎಂಬ ಹೊಳಪಿನ ಲೇಪ. ನೆಲ ಒಳ್ಳೆಯ ಕಾಫಿ ಡಿಕಾಕ್ಷನ್ನಿನಂತೆ ಹೊಳೆಯಿತು. ಜಯಮ್ಮನವರು ಫೋನ್ ಮಾಡಿದರು.

“ಹಬ್ಬಕ್ಕೆ ಹೊಸ ಬೀಗರು ಬರ್ತಾವ್ರೆ ಸಾರ್. ಎರಡೂ ಕಡೆ ನೋಡ್ತಾರೆ. ಅವಳ್ದಕ್ಕಿಂತ ನಮ್ದು ಒಂದು ಕೈ ಮೇಲಿರ್ಬೇಕು.”

ಸ್ಯಾಂಪಲ್ ನೋಡಲು ಜಾಗ ಕೇಳಿದೆ. ನಡುಮನೆಯಲ್ಲಿ ಕಲೆ ಬೇಡವೆಂದು ಬೀರು ಸರಿಸಿ ಅದರಡಿಯ ನೆಲ ತೋರಿಸಿದರು. ಅಲ್ಲಿ ಡಿಕಾಕ್ಷನ್ ಇನ್ನೂ ಗಟ್ಟಿಯಾಗಿಯೇ ಇಳಿಯಿತು. ಆದರೆ ಹಾಲ್ ಪೂರ್ತಿ ಸ್ಟೇನ್ ಮಾಡಿ ತೊಳೆದಾಗ ಸಿಕ್ಕಿದ್ದು ಹಾಲು ಜಾಸ್ತಿಯಾದ ಕಾಫಿ.

“ಮೇಡಂ, ಈ ನೆಲಾನ ಯಾವುದರಲ್ಲಿ ತೊಳೀತಿದ್ರಿ?”

“ಆಸಿಡ್ನಾಗೆ, ವಾರವಾರ. ಅವಳಂಗೆ ಬರೀ ನೀರು ಚೆಲ್ಲಿ ಬಿಡ್ತೀನಾ?”

ವರ್ಷಗಳಿಂದ ಬಾತ್‌ರೂಮ್ ಆಸಿಡ್ ನೆಲದ ಮೇಲ್ಪದರದ ಸುಣ್ಣವನ್ನು ತಿಂದುಹಾಕಿತ್ತು. ಬೀರುವಿನಡಿ ಮಾತ್ರ ಉಳಿದಿತ್ತು. ಎಷ್ಟು ಸಲ ಬಳಿದರೂ ಇಷ್ಟೇ ಎಂದು ವಿವರಿಸಿದೆ.

“ಅಂಗಾದ್ರೆ ನೆಲ ತೊಳೀದೆ ಇದ್ದೋಳೇ ಗೆದ್ಲಾ?” ಎಂದು ಜಯಮ್ಮನವರು ಕುರ್ಚಿಯ ಮೇಲೆ ಕುಸಿದರು.

ಅಷ್ಟರಲ್ಲಿ ಎಣ್ಣೆಬಟ್ಟಲು ಹಿಡಿದು ಶೋಭಾ ಬಂದರು. ಆ ನಡುಗೋಡೆ ಬಾಗಿಲಿನ ಹೊಸಿಲಲ್ಲೇ ನಿಂತುಬಿಟ್ಟರು.

“ಅಕ್ಕಾ, ಎಷ್ಟು ಬೆಳಕಾಗೈತೆ. ನಮ್ಮನೇಲಿ ಹಗಲೊತ್ತೇ ಲೈಟ್ ಹಾಕ್ಬೇಕು. ನಿಮಗೆ ಮಾತ್ರ ಇದೆಂಗೆ ಬಂತು?” ಧ್ವನಿಯಲ್ಲಿ ಮೆಚ್ಚುಗೆ ಚಮಚದಷ್ಟು, ಉರಿ ಸೇರಿನಷ್ಟು.

ಜಯಮ್ಮನವರು ಎದ್ದು ಸೆರಗು ಸರಿಮಾಡಿಕೊಂಡರು. “ನಾನೇ ಹೇಳಿ ಮಾಡಿಸ್ದೆ ಕಣೆ. ಈ ಕಲರ್ ಎಲ್ರಿಗೂ ಬರಲ್ಲ. ಅಲ್ವಾ ಸಾರ್?”

“ಬರಲ್ಲ ಮೇಡಂ” ಎಂದೆ. ಅದು ಶುದ್ಧ ತಾಂತ್ರಿಕ ಸತ್ಯ.

ಶೋಭಾ ದೀಪ ಹಚ್ಚಿ ಹೋದ ಮೇಲೆ ಜಯಮ್ಮನವರು ದನಿ ತಗ್ಗಿಸಿದರು: “ಆ ಹೊಸಿಲ ಹತ್ರ ಸ್ವಲ್ಪ ಜಾಸ್ತಿ ಶೈನಿಂಗ್ ಕೊಡಿ ಸಾರ್.”

ಓಡಾಟ ಹೆಚ್ಚಿರುವ ಕಡೆ ಸೀಲರ್ ಹೆಚ್ಚು ಹಾಕಬೇಕೆಂದು ಕಂಪನಿಯಲ್ಲಿ ನಮಗೆ ಕಲಿಸಿದ್ದರು. ಕಾರ್ಖಾನೆಗಳಿಗೆ ಅದು ಸರಿ. ಮನೆಯಲ್ಲಿ ಓರಗಿತ್ತಿ ನಿಂತು ನೋಡುವ ಜಾಗ ಯಾವುದೆಂದು ಮೊದಲು ಕೇಳಬೇಕು. ಇಡೀ ಹಾಲ್‌ಗೆ ಎರಡು ಕೋಟ್ ಸೀಲರ್ ಹಾಕಿಸಿದೆ. ಹೊಸಿಲ ಪಕ್ಕ ಮೂರು.