ಗೋಂದಮ್ಮನ ಟೋಪಿ

ಹರಿದ ಚಪ್ಪಲಿಯಿಂದ ಮುರಿದ ಸೌಟಿನವರೆಗೆ ಎಲ್ಲವನ್ನೂ ಅಂಟಿಸಿಬಿಡುವ ಅವಳಿಗೆ ಮನೆಯವರಿಟ್ಟ ಹೆಸರು ಗೋಂದಮ್ಮ. ಮಕ್ಕಳುಮರಿ ಸಮೇತ ವೇಷ ಹಾಕಿ ಬನ್ನಿ ಎಂದು ಕರೆದಿದ್ದ ತನ್ನ ಆಫೀಸಿನ ಸಂಜೆಕೂಟಕ್ಕೆ ಅಂಗಡಿಯ ಟೋಪಿ ಹಾಕಿದರೆ ಆ ಹೆಸರಿನ ಗತಿಯೇನು? "ಇದೊಂದು ಅಂಟಿಸಿದ್ರೆ ಮುಗೀತು" ಎನ್ನುವುದು ಅವಳ ಮಂತ್ರ. ಆ 'ಇದೊಂದು' ಮುಗಿದದ್ದನ್ನು ಕಂಡವರಿಲ್ಲ. ಒಡೆದ ಬಳೆ, ಉಲ್ಲನ್ ಉಂಡೆ, ಮಗುವಿನ ಗಿಲಕಿ, ಕೊನೆಗೆ ಗಂಡನ ಅಂಗಿಯ ಗುಂಡಿಗಳೂ ಟೋಪಿ ಏರಿದವು. "ನನ್ನ ಅಂಗಿಗೆ ಗುಂಡಿ ಬೇಡ್ವೇನೇ?" ಎಂದ ಗಂಡ. "ಮೇಲೊಂದು ಕೋಟು ಹಾಕ್ಕೊಳ್ಳಿ, ಕಾಣಲ್ಲ." "ಇದು ಟೋಪಿಯೋ ಗುಜರಿ ಗಾಡಿಯೋ, ತಾಯಿ?" ಎಂದರು ಅತ್ತೆ. "ಇವತ್ತು ಆಫೀಸಿಗೆಲ್ಲ ಟೋಪಿ ಹಾಕಿ ಬರ್ತೀನಿ, ನೋಡ್ತಿರಿ" ಎಂದು ನಗುತ್ತಲೇ ಅವಳು ಅದರ ಅಂಚನ್ನು ಹುಬ್ಬಿನವರೆಗೂ ಎಳೆದುಕೊಂಡಳು. ಹೆರಿಗೆಯಾದ ಮೇಲೆ ಬಾಚಣಿಗೆಗೆ ಹೋದ ಕೂದಲು ತಲೆಗೆ ಮರಳಿರಲಿಲ್ಲ. ಹಣೆಯ ಮೇಲೆ ಬಯಲು ಬಿದ್ದಿತ್ತು. ಅದಕ್ಕೆ ಮಾತ್ರ ಅವಳ ಗೋಂದು ಕೆಲಸ ಮಾಡಿರಲಿಲ್ಲ. ಆಫೀಸಿನಲ್ಲಿ, ಹೆರಿಗೆ ರಜೆಯಿಂದಾಗಿ ಆರು ತಿಂಗಳ ಮೇಲೆ ಕಂಡ ಗೆಳತಿಯರು ಸುತ್ತ ನಿಂತು ಟೋಪಿ ಹೊಗಳುತ್ತಿರುವಾಗ, ಗಂಡನ ತೋಳಿನಿಂದ ಅವಳ ತೋಳಿಗೆ ಬಂದ ಮಗು ಅಮ್ಮನ ಗುರುತು ಸಿಗದೆ ಬಿಕ್ಕತೊಡಗಿತು. ಗೋಂದಮ್ಮ ಎಲ್ಲರ ಮುಖವನ್ನೂ ಒಮ್ಮೆ ನೋಡಿದಳು, ಟೋಪಿ ತೆಗೆದಳು. ಮಗು ಅಳು ನಿಲ್ಲಿಸಿ, ಉಳಿದಿದ್ದ ನಾಲ್ಕು ಎಳೆ ಕೂದಲನ್ನೇ ಮುಷ್ಟಿಯಲ್ಲಿ ಹಿಡಿದು ಕೇಕೆ ಹಾಕಿತು. "ಅದಿಷ್ಟಾದ್ರೂ ಇರ್ಲಿ ಬಿಡು ಕಂದ" ಎಂದಳು, ತಲೆಯನ್ನು ಇನ್ನಷ್ಟು ಬಗ್ಗಿಸಿಕೊಡುತ್ತ.