ಹತ್ತು ಊರಿನ ಒಂದೇ ಹುಲ್ಲು

ಅರವತ್ತಮೂರನೇ ಇಸವಿಯಲ್ಲಿ ಮೇವಿನ ಫಾರಮ್ಮಿನ ದಿನಗೂಲಿ ಕರಿಯಪ್ಪನಿಗೆ ಹತ್ತು ಊರಿನ ಗೋಮಾಳ ಸುತ್ತಿ ಕಾಡುಹುಲ್ಲಿನ ಬೀಜ ತರಲು ಹೇಳಿದರು. ಒಂದೊಂದು ಊರಿನ ಹುಲ್ಲಿಗೂ ಒಂದೊಂದು ಗುಣ, ಅವನ್ನೆಲ್ಲ ಕೂಡಿಸಿ ಹೊಸ ತಳಿ ಮಾಡಬೇಕೆಂಬುದು ಸಾಹೇಬರ ಆಸೆ. ಕರಿಯಪ್ಪನ ಕಾಲಿಗೆ ಅಷ್ಟು ವಿಜ್ಞಾನ ಹತ್ತಲಿಲ್ಲ. ನಾಗಮಂಗಲದ ಒಂದೇ ದಿಬ್ಬದಲ್ಲಿ ಹತ್ತು ಚೀಲ ತುಂಬಿ, ಹತ್ತು ಊರಿನ ಹೆಸರು ಬರೆದು, ಉಳಿದ ದಿನವೆಲ್ಲ ಮರದಡಿ ಮಲಗಿದ.

ಬಿತ್ತಿದ ಹತ್ತು ಮಡಿಯೂ ಒಂದೇ ಎತ್ತರ ಬೆಳೆದವು, ಬೇಸಿಗೆಗೆ ಒಟ್ಟಿಗೇ ಒಣಗಿದವು.

"ಎಲ್ಲಾ ಊರಿಂದೂ ಒಂದೇ ಕಣಯ್ಯ, ಇನ್ನು ಹುಡುಕೋದು ಬೇಡ," ಎಂದು ಸಾಹೇಬರು ಕಡತ ಮುಚ್ಚಿದರು.

ಕರಿಯಪ್ಪನಿಗೆ ಅನ್ನ ಸೇರಲಿಲ್ಲ. ನಿಜವಾದ ಬೀಜವನ್ನಾದರೂ ತರೋಣವೆಂದು ಆ ಹತ್ತು ಊರಲ್ಲೊಂದಾದ ಬೂಕನಕೆರೆಗೆ ಓಡಿದ. ಗೋಮಾಳದಲ್ಲಿ ಕಬ್ಬು ನೆಟ್ಟಿದ್ದರು.

"ಇಲ್ಲಿ ಹುಲ್ಲಿತ್ತಲ್ಲ?" ಎಂದು ಕುರಿ ಕಾಯುವ ದೊಡ್ಡಬೀರಯ್ಯನನ್ನು ಕೇಳಿದ.

"ಇತ್ತು ಕಣ್ಲಾ. ಎಲ್ಡು ವರ್ಸ ಮಳೆ ಕೈಕೊಟ್ರೂ ಅಸಿರಾಗೇ ಇರೋದು. ಓದ್ ತಿಂಗ್ಳು ಉತ್ಬುಟ್ರು. ಒಳ್ಳೆ ಒತ್ಗೆ ಬಂದೆ ಬುಡು!"

ಮಳೆಗೆ ಫಾರಮ್ಮಿನ ಹುಲ್ಲು ಮತ್ತೆ ಚಿಗುರಿತು; 'ಬೂಕನಕೆರೆ' ಎಂದು ಹಲಗೆ ಹೊತ್ತ ಮಡಿಗೆ ನೀರು ಹಾಯಿಸುವವನು ಆಮೇಲೂ ಕರಿಯಪ್ಪನೇ. ಗಾಳಿ ಬಂದಾಗ ಹತ್ತು ಮಡಿಯೂ ಒಟ್ಟಿಗೇ ಅವನ ಕಡೆ ಬಾಗುತ್ತಿದ್ದವು. ಅವನು ಆ ಹಲಗೆಗೆ ಬೆನ್ನು ಹಾಕಿ ನಿಲ್ಲುತ್ತಿದ್ದ.