ಶಾಲಿನಿ ಕೇಳಿದ ಸಿಳ್ಳು

ಬೆಳಿಗ್ಗೆ ಚಹಾಪುಡಿಯ ಡಬ್ಬಿ ತೆಗೆಯಲು ಹೋದರೆ ಅದರ ಹಿಂದಿದ್ದ ಪಾಚಿಯ ಪೊಟ್ಟಣ ಕೈಗೆ ಬಂತು. ಹೌದು, ಪಾಚಿಯೇ. ಕಾಗದದಷ್ಟು ತೆಳ್ಳಗೆ ಒಣಗಿಸಿದ, ಕಪ್ಪನೆಯ ಸಮುದ್ರದ ಪಾಚಿ. ಕೊರಿಯಾದವರು ಅದನ್ನು ಅನ್ನಕ್ಕೆ ಸುತ್ತಿ ತಿನ್ನುತ್ತಾರಂತೆ. ಗೆಳತಿ ಶಾಲಿನಿ ತಂದುಕೊಟ್ಟು ಎರಡು ತಿಂಗಳಾಗಿತ್ತು. ಹೊಟ್ಟೆಕಿಚ್ಚಿಗೆ ನಾನದನ್ನು ಒಡೆದಿರಲಿಲ್ಲ. ಇವತ್ತು ಒಡೆದೆ. ಕಾರವಾರದ ಹತ್ತಿರದ ನನ್ನ ತವರು ಕೋಡಿಬಾಗದಲ್ಲಿ ಕಾಳಿ ನದಿಯ ನೀರು ಇಳಿದಾಗ ಕೆಸರಿನಿಂದ ಏಳುವ ವಾಸನೆಯೇ ಅಂಕೋಲೆಯ ನನ್ನ ಅಡುಗೆಮನೆಯನ್ನು ತುಂಬಿತು.

ಶಾಲಿನಿಯ ಮೇಲಿನ ನನ್ನ ಹೊಟ್ಟೆಕಿಚ್ಚು ಇಂದು ನಿನ್ನೆಯದಲ್ಲ, ಮೂರನೆಯ ಇಯತ್ತೆಯದು. ಅವಳ ಕಂಪಾಸು ಡಬ್ಬಿಯಲ್ಲಿ ಕನ್ನಡಿಯಿತ್ತು, ನನ್ನದರಲ್ಲಿ ತುಕ್ಕಿತ್ತು. ಮುಂದೆ ಅವಳಿಗೆ ಹಡಗಿನ ಇಂಜಿನಿಯರ್ ಗಂಡ ಸಿಕ್ಕ, ನಮ್ಮವರು ಪಂಚಾಯತಿಯ ಗುಮಾಸ್ತರು. ಹೊಸ ಹಡಗು ಕಟ್ಟುವ ಕೆಲಸಕ್ಕೆಂದು ಅವನು ಆರು ತಿಂಗಳು ಕೊರಿಯಾದಲ್ಲಿದ್ದಾಗ ಇವಳೂ ಹೋದಳು. ಹೋದವಳು ಸುಮ್ಮನಿರಬೇಕೋ ಬೇಡವೋ? ಶನಿವಾರ, ಭಾನುವಾರ ರಜೆಯೆಂದು ಜೇಜು ಎಂಬ ದ್ವೀಪ ನೋಡಿ ಬಂದಳು. ನಾನೋ, ಕಾರವಾರದ ದಂಡೆಯಲ್ಲಿ ನಿಂತರೆ ಎದುರಿಗೇ ಕಾಣುವ ಕೂರ್ಮಗಡ ದ್ವೀಪಕ್ಕೂ ಹೋದವಳಲ್ಲ. ದೋಣಿಗೆ ಕಾಲಿಟ್ಟರೆ ನನಗೆ ವಾಂತಿ. ಆದರೆ ಹೊಟ್ಟೆಕಿಚ್ಚಿಗೆ ಅಂಥ ನ್ಯಾಯ ನೀತಿಯೆಲ್ಲ ಇರುತ್ತದೆಯೇ, ನೀವೇ ಹೇಳಿ.

"ಶಾಲಿನಿ ಜೇಜುಗೆ ಹೋದ್ಳಂತೆ" ಎಂದು ನಾನು ಹೇಳಿದ್ದೇ ತಡ, ಕೊಂಕಣಿ ಮನೆಮಾತಿನ ನನ್ನ ಅತ್ತೆ ಎದೆಗೆ ಕೈಯಿಟ್ಟುಕೊಂಡರು. ಕೊಂಕಣಿಯಲ್ಲಿ ಜೆಜು ಅಂದರೆ ಏಸು.

"ಅರೇ ದೇವಾ! ಯಾವಾಗ ಹೋದ್ಳೇ? ಎಂತ ಆಗಿತ್ತು?"

"ಸತ್ತದ್ದಲ್ಲ ಅತ್ತೆ, ತಿರುಗಾಡೂಕೆ ಹೋದದ್ದು. ಅದೊಂದು ಊರು."

ಅತ್ತೆಗೆ ಸಮಾಧಾನವಾಯಿತು. ನನಗೆ ಮಾತ್ರ, ದೇವರು ಕ್ಷಮಿಸಲಿ, ಮೊದಲಿನ ಅರ್ಥವೂ ಒಂದು ಗಳಿಗೆ ಹಿತವಾಗಿಯೇ ಕೇಳಿಸಿತ್ತು.

ಊರಿಗೆ ಬಂದವಳು ನಮ್ಮ ಜಗಲಿಯಲ್ಲೇ ಕುಳಿತು ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಕಪ್ಪು ಕಲ್ಲಿನ ದಂಡೆ, ಕಿತ್ತಳೆ ತೋಟ, ಬೆಟ್ಟದ ನೆತ್ತಿಯಲ್ಲಿ ಅವಳು, ಬೆಟ್ಟದ ಬುಡದಲ್ಲಿ ಅವಳು. ನಾನು "ಚಂದ ಅದೆ, ಚಂದ ಅದೆ" ಅನ್ನುತ್ತ ಚಕ್ಕುಲಿ ಮುರಿಯುತ್ತಿದ್ದೆ. ಆಮೇಲೊಂದು ವಿಡಿಯೋ. ಎಪ್ಪತ್ತು ದಾಟಿದ ಮುದುಕಿಯರು ಸಮುದ್ರದಲ್ಲಿ ಮುಳುಗಿ ಚಿಪ್ಪು ತೆಗೆಯುತ್ತಾರೆ. ಮೇಲೆದ್ದು ಉಸಿರು ಬಿಡುವಾಗ ಸಣ್ಣ ಸಿಳ್ಳು ಹೊರಡುತ್ತದೆ. ಅದನ್ನು ನೋಡಲು ಜನ ಸಾಲುಗಟ್ಟಿ ನಿಂತಿದ್ದಾರೆ.

"ಕೇಳಿದ್ಯಾ? ನಿನ್ನ ಆಯಿ ಸಿಳ್ಳು ಹಾಕ್ದಾಂಗೇ ಅದೆ! ನಂಗೆ ಅಲ್ಲೇ ಅಳು ಬಂತು ಮಾರಾಯ್ತಿ" ಅಂದಳು ಶಾಲಿನಿ.

"ನನ್ನ ಆಯಿ ಎಲ್ಲಿ ಸಿಳ್ಳು ಹಾಕ್ತಿತ್ತೇ?"

"ಎಂಥದೇ, ಮರ್ತೇ ಬಿಟ್ಯಾ? ತಿಸ್ರೆ ತೆಗೂವಾಗ, ಮುಳುಗಿ ಎದ್ದಾಗೆಲ್ಲ."

ನಾನು ಮರೆತಿರಲಿಲ್ಲ. ಕೇಳಿಯೇ ಇರಲಿಲ್ಲ.

ಆಯಿ, ಅಂದರೆ ನನ್ನಮ್ಮ, ನೀರಿಳಿದ ಹೊತ್ತಿಗೆ ಕಾಳಿ ನದಿಯಲ್ಲಿ ಎದೆಮಟ್ಟ ನಿಂತು, ಕಾಲಿನಿಂದಲೇ ಕೆಸರು ತಡವಿ, ಮುಳುಗಿ ತಿಸ್ರೆಯೆಂಬ ಚಿಪ್ಪುಗಳನ್ನು ಬಾಚಿ ಬುಟ್ಟಿಗೆ ಹಾಕುತ್ತಿದ್ದಳು. ಅದನ್ನು ಮಾರಿಯೇ ನನ್ನನ್ನು ಓದಿಸಿದಳು. ನಾನೋ, ಶಾಲೆಯಿಂದ ಬರುವಾಗ ಹೊಳೆ ಕಂಡೊಡನೆ ರಸ್ತೆಯ ಆಚೆ ಬದಿಗೆ ಸರಿದು, ಮುಖ ತಿರುಗಿಸಿ ದಡದಡ ನಡೆಯುತ್ತಿದ್ದೆ. ಒದ್ದೆ ಸೀರೆ ಎತ್ತಿಕಟ್ಟಿದ ಆ ಹೆಂಗಸು ನನ್ನ ತಾಯಿಯೆಂದು ಹುಡುಗಿಯರಿಗೆ ತಿಳಿಯಬಾರದಲ್ಲ! ಎಲ್ಲರಿಗೂ ತಿಳಿದಿತ್ತು ಬಿಡಿ. ಶಾಲಿನಿ ಮಾತ್ರ ಚಪ್ಪಲಿ ಕೈಯಲ್ಲಿ ಹಿಡಿದು ದಡಕ್ಕಿಳಿಯುತ್ತಿದ್ದಳು.

"ಆ ಶಾಲಿನಿ ಪೋರಿ ಒಳ್ಳೇದದೆ, ದಿನಾ ಬಂದು ಮಾತಾಡಿಸ್ತದೆ" ಎಂದು ಆಯಿ ಅನ್ನ ಬಡಿಸುತ್ತ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಯಿ ಹೇಳಿದ್ದು ಅಷ್ಟೇ. ನೀನ್ಯಾಕೆ ಬರುವುದಿಲ್ಲ ಎಂದು ಒಂದು ದಿನವೂ ಕೇಳಲಿಲ್ಲ.

ಅವಳು ತೀರಿಕೊಂಡು ಬಹಳ ವರ್ಷವಾಯಿತು. ಹೊಳೆಯಲ್ಲಿ ನಿಂತ ಅವಳ ಫೋಟೋ ಒಂದೂ ಇಲ್ಲ. ಶಾಲಿನಿ ಬೇಕಾದರೆ ಇನ್ನೂ ಹತ್ತು ದ್ವೀಪ ನೋಡಲಿ, ನನಗೇನು? ಆದರೆ ನನ್ನ ಆಯಿಯ ಉಸಿರು ಅವಳ ಕಿವಿಯಲ್ಲಿದೆ, ನನ್ನ ಕಿವಿಯಲ್ಲಿಲ್ಲ. ಇದಕ್ಕೂ ಹೊಟ್ಟೆ ಉರಿಯದೆ ಇದ್ದೀತೇ?

ಪಾಚಿಯ ಚೂರೊಂದನ್ನು ಬಾಯಿಗಿಟ್ಟೆ. ಉಪ್ಪುಪ್ಪು. "ಎಂಥದೇ ಅದು ವಾಸನೆ?" ಎಂದು ಅತ್ತೆ ಒಳಗಿನಿಂದ ಕೂಗಿದರು. ನಾನು ಶಾಲಿನಿಗೆ ಫೋನು ಹಚ್ಚಿದೆ.

"ಎಂತ, ಪಾಚಿ ತಿಂದ್ಯಾ?" ಅಂದಳು.

"ತಿಂದೆ. ಶಾಲಿನಿ, ಆಯಿ ಹ್ಯಾಂಗೆ ಸಿಳ್ಳು ಹಾಕ್ತಿತ್ತು? ಒಂದ್ಸಲ ಹಾಕೇ."

ಅವಳು ನಗಲಿಲ್ಲ. ಉದ್ದಕ್ಕೆ ಉಸಿರೆಳೆದುಕೊಂಡಳು. ನಾನು ಗ್ಯಾಸ್ ಆರಿಸಿ, ಫ್ಯಾನು ನಿಲ್ಲಿಸಿ, ಫೋನನ್ನು ಕಿವಿಗೆ ಒತ್ತಿ ಹಿಡಿದೆ.